ಸ್ಟೆತಾಸ್ಕೋಪಿನ ಆಚೆ: ಹುಬ್ಬಿಗೊಂದು ಹಗಲು

ಯುಗಾದಿ ಸಂಚಿಕೆಯ ಈ ಅಂಕಣದಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಬರೆದದ್ದಕ್ಕೆ ನನಗೆ ಸಿಕ್ಕ ಬಹುಮಾನವೆಂದರೆ, ಅಂದಿನ ಹಬ್ಬದೂಟದಲ್ಲಿ ನಾನು ಹೋದ ಕಡೆಯೆಲ್ಲ ಜನ ಹೋಳಿಗೆಯ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದು! "ಡಾಕ್ಟ್ರೇ, ದೀಪಾವಳಿಗಾದರೂ ರೋಗರುಜಿನ ಬೇಡ, ಬೇರೆ ಏನಾದರೂ ಬರೆದುಕೊಡಿ" ಎಂದು ಸಂಪಾದಕರು ಕೇಳಿಕೊಂಡರು. ಆದ್ದರಿಂದ ಈ ಸಲ ಜಪಾನಿನ ಕಥೆ. ಆದರೆ ಹೇಳುವವನು ವೈದ್ಯ ತಾನೇ? ನಡುನಡುವೆ ಹೆಣ, ಕತ್ತಿ, ರೋಗ ಬಂದೇ ಬರುತ್ತವೆ. ಸಹೃದಯರು ಸಹಿಸಿಕೊಳ್ಳಬೇಕು.

ಒಂದು ವೈದ್ಯಕೀಯ ಸಮ್ಮೇಳನದ ನೆಪದಲ್ಲಿ ಹತ್ತು ದಿನ ಜಪಾನಿನಲ್ಲಿದ್ದೆ. ಹಿಂದಿರುಗಿದ ಮೇಲೆ ಎಲ್ಲರೂ ಕೇಳಿದ್ದು ಬುಲೆಟ್ ರೈಲು, ಚೆರಿ ಹೂವು ಮತ್ತು "ಅಲ್ಲಿ ಸಸ್ಯಾಹಾರಿಗಳ ಗತಿ ಏನು?" ಎಂಬುದನ್ನು. ರೈಲು ಸಮಯಕ್ಕೆ ಸರಿಯಾಗಿ ಬಂತು, ಹೂವು ಆಗಲೇ ಉದುರಿ ಹೋಗಿತ್ತು, ನನ್ನ ಶ್ರೀಮತಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಮಾನ ಕಾಪಾಡಿತು. ಅಲ್ಲಿಗೆ ಪ್ರವಾಸಕಥನ ಮುಗಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಂಗಡಿಯವರು ಚಿಲ್ಲರೆಗೆಂದು ಕೊಟ್ಟ ಸಾವಿರ ಯೆನ್ ನೋಟಿನ ಮೇಲೆ ಒಬ್ಬ ವೈದ್ಯರ ಚಿತ್ರವಿತ್ತು. ವೈದ್ಯರ ಕೈಗೆ ನೋಟು ಬರುವುದನ್ನು ನೀವೆಲ್ಲ ನೋಡಿದ್ದೀರಿ. ನೋಟಿನ ಮೇಲೆಯೇ ವೈದ್ಯರು ಬಂದದ್ದನ್ನು ನಾನು ನೋಡಿದ್ದು ಅಲ್ಲಿ. ಅವರು ಕಿತಾಸಾತೋ ಶಿಬಾಸಾಬುರೋ. 2024ರ ಜುಲೈಯಲ್ಲಿ ಬಂದ ಹೊಸ ನೋಟು ಅದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜಪಾನೀಯರ ಬದುಕಿನಲ್ಲಿ ಹೊರಗಿನಿಂದ ಬಂದದ್ದು ಬಹಳ. ಲಿಪಿ ಚೀನಾದ್ದು. ಬುದ್ಧ ನಮ್ಮ ನೆಲದಿಂದ ಚೀನಾ, ಕೊರಿಯಾಗಳನ್ನು ದಾಟಿ ಹೋದವನು. ಆಧುನಿಕ ವೈದ್ಯ ಮೊದಲು ಹಾಲೆಂಡಿನದು, ಆಮೇಲೆ ಜರ್ಮನಿಯದು. ಬೇಸ್‌ಬಾಲ್ ಅಮೆರಿಕದ್ದು. ಆದರೂ ಜಪಾನು ತನ್ನತನ ಕಳೆದುಕೊಂಡಿತು ಎಂದು ಯಾರೂ ಹೇಳುವುದಿಲ್ಲ. ಇದು ಹೇಗೆ ಸಾಧ್ಯವಾಯಿತು? ಹೊರನಾಡಿನಲ್ಲಿ ಕುಳಿತು ಮಕ್ಕಳಿಗೆ ಕನ್ನಡ ಕಲಿಸಲು ಒದ್ದಾಡುವ ನಮಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಾನು ಇತಿಹಾಸಕಾರನಲ್ಲ. ನನ್ನ ವೃತ್ತಿಯ ಕಿಟಕಿಯಿಂದ ಕಂಡಷ್ಟನ್ನು ಹೇಳುತ್ತೇನೆ.

ಗೋವಾದಿಂದ ಹೋದ ಹಡಗು

1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪವನ್ನು ತಲುಪಿದರು. ಇಂದಿಗೂ ಗೋವಾದ ಇಗರ್ಜಿಯಲ್ಲಿ ಯಾರ ದೇಹವಿದೆಯೋ ಆ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿನಲ್ಲಿ ಕಾಲಿಟ್ಟರು. ಹೀಗೆ ನಮ್ಮ ಕಾರವಾರದ ನೆರೆಯಿಂದ ಹೋದ ಗಾಳಿಯೇ ಅಲ್ಲಿಗೂ ಬೀಸಿತು. ಗೋವಾದ ಪಾವ್ ಅಲ್ಲಿ ಪಾನ್; ನಮ್ಮ ತಂಬಾಕು ಅಲ್ಲಿ ತಬಾಕೋ. 1557ರಲ್ಲಿ ಲೂಯಿಸ್ ದ ಅಲ್ಮೇಡಾ ಎಂಬ ಪೋರ್ಚುಗೀಸರು ಈಗಿನ ಓಯಿತಾ ನಗರದಲ್ಲಿ ಯೂರೋಪಿನ ಶಸ್ತ್ರವೈದ್ಯದ ಆಸ್ಪತ್ರೆಯನ್ನೂ ತೆರೆದರು.

ಬಂದವರು ಬಂದೂಕು, ಮದ್ದು, ಮತ ಮೂರನ್ನೂ ತಂದರು. ಮೂರನೆಯದು ಸಿಂಹಾಸನಕ್ಕೇ ಕುತ್ತು ತರಬಹುದೆಂದು ತೋಕುಗಾವಾ ಆಳರಸರಿಗೆ ಅನುಮಾನ ಬಂತು. 1639ರಲ್ಲಿ ಪೋರ್ಚುಗೀಸರನ್ನು ಹೊರಹಾಕಿ ಬಾಗಿಲು ಮುಚ್ಚಿದರು. ಚೀನೀಯರನ್ನು ಬಿಟ್ಟರೆ ನಾಗಾಸಾಕಿಯಲ್ಲಿ ವ್ಯಾಪಾರಕ್ಕೆ ಉಳಿದವರು ಡಚ್ಚರು ಮಾತ್ರ. ಅವರನ್ನೂ 1641ರಲ್ಲಿ ದೆಜಿಮಾ ಎಂಬ ಕೃತಕ ದ್ವೀಪಕ್ಕೆ ಸಾಗಿಸಿದರು. ಬೀಸಣಿಗೆಯ ಆಕಾರದ ಈ ದ್ವೀಪ ನಾಲ್ಕು ಎಕರೆಗೂ ಕಡಿಮೆ. ಒಂದು ಸೇತುವೆ, ಅದಕ್ಕೊಂದು ಕಾವಲು. ಈಗ ಸುತ್ತಲ ಸಮುದ್ರವನ್ನು ತುಂಬಿ ಊರು ಬೆಳೆದಿರುವುದರಿಂದ ದ್ವೀಪವೆಂದು ತಿಳಿಯುವುದೇ ಕಷ್ಟ. ನಾನು ಅದನ್ನು ಒಂದು ಸುತ್ತು ಹಾಕಲು ಹತ್ತು ನಿಮಿಷ ಸಾಕಾಯಿತು. ಸುಮಾರು ಇನ್ನೂರು ವರ್ಷ ಒಂದು ಇಡೀ ದೇಶ ಯೂರೋಪನ್ನು ನೋಡಿದ್ದು ಈ ಕಿಂಡಿಯಿಂದ.

ಈ ಕಿಂಡಿಯಲ್ಲಿ ಬಂದ ಡಚ್ ವಿದ್ಯೆಗೆ ಜಪಾನೀಯರು 'ರಂಗಾಕು' ಎಂದರು. 1720ರಲ್ಲಿ ಶೋಗನ್ ಯೋಶಿಮುನೆ ಮತಕ್ಕೆ ಸಂಬಂಧಿಸದ ಪಾಶ್ಚಾತ್ಯ ವಿದ್ಯೆಯ ಪುಸ್ತಕಗಳ ಮೇಲಿನ ನಿರ್ಬಂಧವನ್ನು ಸಡಿಲಿಸಿದರು. ಅಲ್ಲಿಂದ ಅರ್ಧ ಶತಮಾನದ ನಂತರ ನಡೆದದ್ದೇ ನಾನು ಹೇಳಬೇಕೆಂದಿರುವ ಮುಖ್ಯ ಕಥೆ.

ಹೆಣದ ಮುಂದೆ ಮೂವರು

1771ರ ವಸಂತ. ಎದೋ, ಅಂದರೆ ಇಂದಿನ ಟೋಕಿಯೋ. ಕೊಜುಕಪ್ಪಾರ ಎಂಬ ವಧಾಸ್ಥಾನಕ್ಕೆ ಮೂವರು ವೈದ್ಯರು ಬಂದರು: ಸುಗಿತಾ ಗೆಂಪಾಕು, ಮಾಯೆನೋ ರ್ಯೋತಾಕು, ನಾಕಾಗಾವಾ ಜುನ್‌ಆನ್. ಮರಣದಂಡನೆಯಾದ ಒಬ್ಬ ಹೆಂಗಸಿನ ದೇಹವನ್ನು ಅಂದು ಕೊಯ್ದು ತೋರಿಸುವುದಿತ್ತು. ಆಕೆಗೆ ಐವತ್ತರ ಆಸುಪಾಸು. ಜನ ಆಕೆಯನ್ನು 'ಹಸಿರು ಚಹಾದ ಅಜ್ಜಿ' ಎಂದು ಕರೆಯುತ್ತಿದ್ದರಂತೆ.

ಸುಗಿತಾ ಮತ್ತು ಮಾಯೆನೋ ಇಬ್ಬರ ಕೈಯಲ್ಲೂ ಒಂದೇ ಪುಸ್ತಕವಿತ್ತು, ಒಬ್ಬರಿಗೊಬ್ಬರು ತಿಳಿಯದೆ ತಂದದ್ದು! ಕುಲ್ಮುಸ್ ಎಂಬ ಜರ್ಮನ್ ವೈದ್ಯರ ಅಂಗರಚನಾ ಗ್ರಂಥದ 1734ರ ಡಚ್ ಅನುವಾದ. ಸುಗಿತಾ ಅವರಿಗೆ ಡಚ್ಚಿನ ಅಕ್ಷರಮಾಲೆಯೂ ಬಾರದು. ಆದರೆ ಚಿತ್ರಗಳಿದ್ದವಲ್ಲ! ಹಳೆಯ ಚೀನೀ ಗ್ರಂಥಗಳ ಪ್ರಕಾರ ಯಕೃತ್ತಿಗೆ ಎಡಕ್ಕೆ ಮೂರು, ಬಲಕ್ಕೆ ನಾಲ್ಕು ಹಾಳೆಗಳಿರಬೇಕು. ಕಣ್ಣ ಮುಂದಿನ ದೇಹದಲ್ಲಿ ಅದು ಹಾಗಿರಲಿಲ್ಲ; ಡಚ್ ಪುಸ್ತಕದಲ್ಲಿ ಬರೆದ ಹಾಗೆಯೇ ಇತ್ತು. ವಧಾಸ್ಥಾನದಲ್ಲಿ ಚೆಲ್ಲಿ ಬಿದ್ದಿದ್ದ ಮೂಳೆಗಳನ್ನು ಆರಿಸಿ ನೋಡಿದರು. ಅವೂ ಚಿತ್ರಕ್ಕೆ ಸರಿಹೊಂದಿದವು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವವರು ಈ ಮೂವರಲ್ಲ, ಕತ್ತಿ ಹಿಡಿದ ನಾಲ್ಕನೆಯವರು. ಹೆಣ ಮುಟ್ಟುವ ಕೆಲಸ ಅಲ್ಲಿಯೂ ಅಸ್ಪೃಶ್ಯರದು. ಅಂದು ಕೊಯ್ಯಬೇಕಾಗಿದ್ದವನು ಕಾಯಿಲೆ ಬಿದ್ದಿದ್ದರಿಂದ ಅವನ ತೊಂಬತ್ತು ವರ್ಷದ ಅಜ್ಜ ಬಂದಿದ್ದರು. ಅವರು ಒಂದೊಂದೇ ಅಂಗವನ್ನು ಎತ್ತಿ ತೋರಿಸಿ ಹೆಸರು ಹೇಳಿದರು. ಕೆಲವನ್ನು ತೋರಿಸಿ, ಇವಕ್ಕೆ ಹೆಸರು ಗೊತ್ತಿಲ್ಲ, ಆದರೆ ಚಿಕ್ಕಂದಿನಿಂದ ನಾನು ಕೊಯ್ದ ಪ್ರತಿಯೊಂದು ದೇಹದಲ್ಲೂ ಇವು ಇದೇ ಜಾಗದಲ್ಲಿ ಇರುತ್ತವೆ ಎಂದರು. ಇಷ್ಟು ವರ್ಷ ಬಂದು ನೋಡಿಹೋದ ವೈದ್ಯರಲ್ಲಿ ಒಬ್ಬರೂ ಇದೇನೆಂದು ಕೇಳಲಿಲ್ಲ ಎಂದೂ ಹೇಳಿದರಂತೆ. ಮೊಮ್ಮಗನ ಹೆಸರು ದಾಖಲೆಯಲ್ಲಿದೆ, ಈ ಅಜ್ಜನ ಹೆಸರಿಲ್ಲ. ಮೊದಲ ವರ್ಷದ ಎಂಬಿಬಿಎಸ್‌ನಲ್ಲಿ ನಮ್ಮ ಡಿಸೆಕ್ಷನ್ ಹಾಲಿನ ಅಟೆಂಡರ್ ಒಬ್ಬರು ನೆನಪಾಗುತ್ತಾರೆ. ಕನಿಂಗ್‌ಹ್ಯಾಮ್ ಪುಸ್ತಕದ ಪುಟ ತಿರುವಿ ನಾವು ನರವನ್ನು ಹುಡುಕುತ್ತಿದ್ದರೆ, ಅವರು ದೂರದಿಂದಲೇ "ಸ್ವಲ್ಪ ಒಳಗೆ ನೋಡಿ ಸಾರ್" ಎನ್ನುತ್ತಿದ್ದರು. ಅಲ್ಲೇ ಇರುತ್ತಿತ್ತು. ಭಾರತದಲ್ಲಿ ಆಧುನಿಕ ಕಾಲದ ಮೊದಲ ಶವಚ್ಛೇದನವನ್ನು ಕಲ್ಕತ್ತೆಯಲ್ಲಿ ಮಧುಸೂದನ ಗುಪ್ತರು ಮಾಡಿದ್ದು 1836ರಲ್ಲಿ. ಅದು ಮೈಲಿಗೆಯನ್ನು ಮೀರಿದ ಸಾಹಸ ಎನಿಸಿಕೊಂಡಿತು. ಮೈಲಿಗೆ ಎಂಬ ಗೋಡೆಯ ಆ ಬದಿಯಲ್ಲಿ ಎಷ್ಟು ತಿಳಿವಳಿಕೆ ಕೊಳೆತುಹೋಯಿತೋ, ಅಲ್ಲಿಯೂ ಇಲ್ಲಿಯೂ!

ಹುಬ್ಬಿಗೊಂದು ಹಗಲು

ಅಂದು ಹಿಂದಿರುಗುವ ದಾರಿಯಲ್ಲೇ ಮೂವರೂ ಮಾತಾಡಿಕೊಂಡರು: ದೇಹದ ನಿಜಸ್ವರೂಪ ತಿಳಿಯದೆ ಇಷ್ಟು ದಿನ ವೈದ್ಯರೆಂದು ಕರೆಸಿಕೊಂಡೆವಲ್ಲ, ಈ ಪುಸ್ತಕವನ್ನು ಅನುವಾದ ಮಾಡಲೇಬೇಕು. ಮರುದಿನವೇ ಮಾಯೆನೋ ಅವರ ಮನೆಯಲ್ಲಿ ಕೂತರು. ನಿಘಂಟು ಎನ್ನುವಂಥದ್ದು ಇಲ್ಲ, ಗುರು ಇಲ್ಲ. ಮಾಯೆನೋ ನಾಗಾಸಾಕಿಯಲ್ಲಿ ಕಲಿತುಬಂದ ಒಂದಷ್ಟು ಪದಗಳೇ ಬಂಡವಾಳ. ಚುಕ್ಕಾಣಿಯಿಲ್ಲದ ಹಡಗಿನಲ್ಲಿ ಸಮುದ್ರಕ್ಕೆ ಇಳಿದಂತಿತ್ತು ಎಂದು ಸುಗಿತಾ ತಮ್ಮ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ.

ತಿಂಗಳಿಗೆ ಆರೇಳು ಸಲ ಸೇರುತ್ತಿದ್ದರು. ಹುಬ್ಬು ಎಂದರೆ ಕಣ್ಣಿನ ಮೇಲೆ ಬೆಳೆಯುವ ಕೂದಲು ಎಂಬ ಒಂದು ಸಾಲನ್ನು ಅರ್ಥಮಾಡಿಕೊಳ್ಳಲು ವಸಂತದ ಒಂದು ನೀಳ ಹಗಲೇ ಕಳೆದುಹೋಯಿತಂತೆ. ಇನ್ನೊಂದು ದಿನ ಮೂಗಿನ ವರ್ಣನೆಯಲ್ಲಿ ಒಂದು ಪದ ಅಡ್ಡ ಬಂತು. ಕೊಂಬೆ ಕಡಿದ ಜಾಗದಲ್ಲಿ ಹೀಗಾಗುತ್ತದೆ, ಅಂಗಳ ಗುಡಿಸಿದಾಗ ಕಸ ಸೇರಿ ಹೀಗಾಗುತ್ತದೆ ಎಂಬ ಟಿಪ್ಪಣಿಯಷ್ಟೇ ಕೈಯಲ್ಲಿದ್ದ ಸುಳಿವು. ಬಹಳ ಹೊತ್ತಿನ ಮೇಲೆ ಸುಗಿತಾ ಅವರಿಗೆ ಹೊಳೆಯಿತು: ಕಡಿದ ಕೊಂಬೆ ಮಾಗಿದಾಗ ಉಬ್ಬುತ್ತದೆ, ಗುಡಿಸಿದ ಕಸ ಗುಡ್ಡೆಯಾಗುತ್ತದೆ, ಮೂಗು ಮುಖದ ನಡುವೆ ಉಬ್ಬಿ ನಿಂತಿದೆ. ಆ ಪದದ ಅರ್ಥ 'ಉಬ್ಬು' ಎಂದೇ! ಅಂದಿನ ಸಂತೋಷಕ್ಕೆ ಎಣೆಯೇ ಇರಲಿಲ್ಲವಂತೆ. ಆ ಪದ ಮೂಲ ಪುಸ್ತಕದ ಮೂಗಿನ ಭಾಗದಲ್ಲಿ ಇಲ್ಲವೆಂದು ಈಚಿನ ವಿದ್ವಾಂಸರು ಹುಡುಕಿ ಹೇಳಿದ್ದಾರೆ. ಇರಲಿ ಬಿಡಿ, ಎಂಬತ್ತು ದಾಟಿದ ಮುದುಕರು ಹೇಳಿದ ಕಥೆಯಲ್ಲಿ ಪದ ತಪ್ಪಿರಬಹುದು, ಸಂತೋಷ ಸುಳ್ಳಲ್ಲ.

ಹನ್ನೊಂದು ಸಲ ತಿದ್ದಿ ಬರೆದು, 1774ರಲ್ಲಿ 'ಕೈತಾಯ್ ಶಿನ್‌ಶೋ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಎಲ್ಲರಿಗಿಂತ ಹೆಚ್ಚು ಡಚ್ ಬಲ್ಲ ಮಾಯೆನೋ ಅನುವಾದಕರ ಪಟ್ಟಿಯಲ್ಲಿ ತಮ್ಮ ಹೆಸರು ಹಾಕಿಸಿಕೊಳ್ಳಲಿಲ್ಲ. ನಮ್ಮ ಸ್ಮರಣ ಸಂಚಿಕೆಯಲ್ಲಿ ಹೆಸರು ಬಿಟ್ಟುಹೋದರೆ ಎಷ್ಟು ಫೋನ್ ಬರುತ್ತವೆ ಎಂದು ಸಂಪಾದಕರನ್ನೇ ಕೇಳಿ!

ಇವರು ಪದಗಳನ್ನು ಹೇಗೆ ಕಟ್ಟಿದರು ಎಂಬುದು ನಮಗೆ ಪಾಠ. ಮೂರು ದಾರಿ ಹಿಡಿದರು. ಇರುವ ಪದ ಹೊಂದಿದರೆ ಅದನ್ನೇ ಬಳಸುವುದು. ಇಲ್ಲದಿದ್ದರೆ ಅರ್ಥ ನೋಡಿ ಹೊಸ ಪದ ಕಟ್ಟುವುದು. ಅದೂ ಆಗದಿದ್ದರೆ ಡಚ್ ಪದದ ಉಚ್ಚಾರಣೆಯನ್ನೇ ಬರೆದುಕೊಳ್ಳುವುದು. ಕಾರ್ಟಿಲೇಜ್‌ಗೆ 'ಮೆತ್ತನೆಯ ಮೂಳೆ' ಎಂಬರ್ಥದ ನಾಂಕೋತ್ಸು ಎಂದರು. ಕನ್ನಡದ ಮೃದ್ವಸ್ಥಿಯೂ ಹಾಗೆಯೇ ತಾನೇ? ನಮಗೆ ಸಂಸ್ಕೃತ ಹೇಗೋ ಅವರಿಗೆ ಚೀನೀ ಹಾಗೆ. ನರಕ್ಕೆ ಅವರ ಹಳೆಯ ವೈದ್ಯದಲ್ಲಿ ಪದವೇ ಇರಲಿಲ್ಲ. ಚೈತನ್ಯ ಹರಿಯುವ ನಾಳ ಎಂಬರ್ಥ ಬರುವ ಹಾಗೆ 'ಶಿಂಕೆಯ್' ಎಂದು ಕಟ್ಟಿದರು. ಇಂದಿಗೂ ಜಪಾನಿನಲ್ಲಿ ನರಕ್ಕೆ ಅದೇ ಪದ. ಗ್ರಂಥಿಗೆ ಮೊದಲು ಡಚ್ ಉಚ್ಚಾರಣೆಯನ್ನೇ ಇಟ್ಟುಕೊಂಡಿದ್ದರು. ಮುಂದೆ ಉದಾಗಾವಾ ಗೆನ್‌ಶಿನ್ ಎಂಬ ವೈದ್ಯರು ಅದಕ್ಕಾಗಿ ಹೊಸ ಚಿತ್ರಾಕ್ಷರವನ್ನೇ ಸೃಷ್ಟಿಸಿದರು. ಅದು ಮರಳಿ ಚೀನಾಕ್ಕೂ ಹೋಯಿತು. ಗುರುವಿನ ಲಿಪಿಗೆ ಶಿಷ್ಯ ಅಕ್ಷರ ಸೇರಿಸಿದ ಹಾಗಾಯಿತು.

ಮುಚ್ಚಿದ ಬಾಗಿಲಿನ ಬೆಲೆ

ಹಾಗಾದರೆ ಬಾಗಿಲು ಮುಚ್ಚಿದ್ದೇ ಒಳ್ಳೆಯದಾಯಿತೇ? ಇಲ್ಲ. ಅದಕ್ಕೆ ವೈದ್ಯನಾಗಿ ನನ್ನ ಬಳಿ ಒಂದೇ ಲೆಕ್ಕವಿದೆ. ಜೆನ್ನರ್ ಸಿಡುಬಿಗೆ ಲಸಿಕೆ ಹಾಕಿದ್ದು 1796ರಲ್ಲಿ. ಅದು ಬೊಂಬಾಯಿಗೆ ಬಂದದ್ದು 1802ರಲ್ಲಿ. ದೆಜಿಮಾದಲ್ಲಿ ಲಸಿಕೆ ಫಲಿಸಿದ್ದು 1849ರಲ್ಲಿ. ಪರಕೀಯರ ಆಳ್ವಿಕೆಯಲ್ಲಿದ್ದ ನಮಗೆ ಸಿಕ್ಕಿದ್ದು ಸ್ವತಂತ್ರ ಜಪಾನಿಗೆ ಸಿಕ್ಕಲು ಇನ್ನೂ 47 ವರ್ಷ ಹಿಡಿಯಿತು. ಅಷ್ಟು ವರ್ಷ ಅಲ್ಲಿನ ಮಕ್ಕಳು ಸಾಯುತ್ತಲೇ ಇದ್ದರು.

ಮುಚ್ಚಿದ ಬಾಗಿಲು ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಚೀನೀ ಮದ್ದು, ಡಚ್ ಶಸ್ತ್ರವೈದ್ಯ ಎರಡನ್ನೂ ಕಲಿತ ಹನಾಓಕಾ ಸೆಯ್‌ಶೂ 1804ರಲ್ಲಿ 60 ವರ್ಷದ ಹೆಂಗಸಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಸ್ತನದ ಕ್ಯಾನ್ಸರ್ ಗಡ್ಡೆಯನ್ನು ತೆಗೆದರು. ಬಾಸ್ಟನ್ನಿನ ಪ್ರಸಿದ್ಧ ಈಥರ್ ಪ್ರದರ್ಶನಕ್ಕೆ 42 ವರ್ಷ ಮೊದಲು! ಅವರ ಮದ್ದಿನಲ್ಲಿದ್ದದ್ದು ನಮ್ಮ ಹಿತ್ತಿಲಿನ ದತ್ತೂರಿ ಮತ್ತು ವತ್ಸನಾಭಿಯ ಜಾತಿಯ ಗಿಡಗಳು. ಈ ಮದ್ದಿನ ಪ್ರಯೋಗಕ್ಕೆ ಒಡ್ಡಿಕೊಂಡು ಅವರ ಪತ್ನಿ ಕಣ್ಣು ಕಳೆದುಕೊಂಡರೆಂಬ ಹೇಳಿಕೆಯಿದೆ. ಅರಿಯೋಶಿ ಸಾವಾಕೋ ಅವರ 1966ರ ಕಾದಂಬರಿಯ ವಸ್ತು ಅದೇ. ಸೆಯ್‌ಶೂ ಶಿಷ್ಯರಿಂದ ಗುಟ್ಟು ಬಿಡುವುದಿಲ್ಲವೆಂದು ಪ್ರಮಾಣ ಮಾಡಿಸಿಕೊಳ್ಳುತ್ತಿದ್ದರು. ದೇಶದ ಬಾಗಿಲೂ ಮುಚ್ಚಿತ್ತು. ಜಗತ್ತು ಇನ್ನೂ ನಾಲ್ಕು ದಶಕ ನೋವಿನಲ್ಲಿ ನರಳಿತು.

ಆದರೆ ಒಂದು ಮಾತು. 1849ರಲ್ಲಿ ಲಸಿಕೆ ಬಂದಾಗ ಅದು ಕೆಲವೇ ತಿಂಗಳಲ್ಲಿ ಕ್ಯೋತೋ, ಓಸಾಕಾ, ಎದೋಗಳಿಗೆ ಹರಡಿತು. ಡಚ್ ಪುಸ್ತಕಗಳನ್ನು ಓದಿ ತಯಾರಾಗಿದ್ದ ವೈದ್ಯರು ಊರೂರಲ್ಲಿ ಕಾದಿದ್ದರು. ಓಸಾಕಾದಲ್ಲಿ ಓಗಾತಾ ಕೋಆನ್ ಅವರ ಶಾಲೆಯಲ್ಲಿ ಒಂದೇ ಒಂದು ದೊಡ್ಡ ನಿಘಂಟಿಗೆ ವಿದ್ಯಾರ್ಥಿಗಳು ರಾತ್ರಿಯೆಲ್ಲ ಸರದಿ ಕಾಯುತ್ತಿದ್ದರಂತೆ. 1858ರಲ್ಲಿ ಎದೋದ ಎಂಬತ್ತಕ್ಕೂ ಹೆಚ್ಚು ವೈದ್ಯರು ತಮ್ಮ ಕೈಯಿಂದ ಹಣ ಹಾಕಿ ಒಂದು ಲಸಿಕಾ ಕೇಂದ್ರ ತೆರೆದರು. ಇಂದಿನ ಟೋಕಿಯೋ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದ ಬೇರು ಅದು.

ಜರ್ಮನ್ ಗುರುಗಳು, ಜಪಾನೀ ಶಿಷ್ಯರು

1853ರಲ್ಲಿ ಅಮೆರಿಕದ ಪೆರಿ ಹಡಗುಗಳೊಂದಿಗೆ ಬಂದರು, 1868ರಲ್ಲಿ ಮೇಜಿ ಯುಗ ಆರಂಭವಾಯಿತು. ಬಾಗಿಲು ಹಾರುಹೊಡೆಯಿತು. ವೈದ್ಯಕ್ಕೆ ಯಾವ ದೇಶ ಗುರುವಾಗಬೇಕು? ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ್ದ ಬ್ರಿಟಿಷ್ ವೈದ್ಯ ವಿಲಿಸ್ ಕಣ್ಣ ಮುಂದಿದ್ದರು. ಆದರೂ ತಾವು ಓದಿದ ಡಚ್ ಗ್ರಂಥಗಳಲ್ಲಿ ಬಹುಪಾಲು ಜರ್ಮನ್ ಮೂಲದವು ಎಂಬುದನ್ನು ಅರಿತಿದ್ದ ಜಪಾನೀಯರು ಜರ್ಮನಿಯನ್ನೇ ಆರಿಸಿಕೊಂಡರು. 1871ರಲ್ಲಿ ಇಬ್ಬರು ಜರ್ಮನ್ ವೈದ್ಯರು ಬಂದರು. 1876ರಲ್ಲಿ ಬಂದ ಬೆಲ್ಟ್ಸ್ ಎಂಬುವರು ಮೂವತ್ತು ವರ್ಷದ ಹತ್ತಿರ ಉಳಿದರು. ರೋಗಿಯ ಕಡತಕ್ಕೆ ಜರ್ಮನ್ ಮೂಲದ 'ಕಾರುತೆ' ಎಂಬ ಪದ ಇಂದಿಗೂ ಅಲ್ಲಿನ ಆಸ್ಪತ್ರೆಗಳಲ್ಲಿದೆ. ಶಸ್ತ್ರಚಿಕಿತ್ಸೆಯ ಚಾಕುವಿಗೆ ಡಚ್ ಮೂಲದ 'ಮೆಸು' ಇದೆ. ಪಕ್ಕದಲ್ಲೇ 'ಹೈಜೀನ್'ಗೆ ನಾಗಾಯೋ ಸೆನ್ಸಾಯ್ ಪ್ರಾಚೀನ ಚೀನಾದ ಝುವಾಂಗ್‌ತ್ಸು ಗ್ರಂಥದಿಂದ ಆರಿಸಿ ತಂದ 'ಎಯ್‌ಸೆಯ್' ಇದೆ. ಜರ್ಮನ್ ಗುರುಗಳ ಪಾಠ ಜರ್ಮನಿನಲ್ಲೇ ನಡೆಯಿತು, ನಿಜ. ಆದರೆ ಶಿಷ್ಯರು ಗುರುಪೀಠಕ್ಕೆ ಬಂದಾಗ ಪಾಠ ಜಪಾನೀ ಭಾಷೆಗೆ ತಿರುಗಿತು.

ನಮ್ಮ ನೋಟಿನ ಕಿತಾಸಾತೋ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರ ಶಿಷ್ಯರಾದರು. 1889ರಲ್ಲಿ ಧನುರ್ವಾಯುವಿನ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. 1890ರಲ್ಲಿ ಬೆಹ್ರಿಂಗ್ ಜೊತೆ ರಕ್ತದ್ರವದ ಚಿಕಿತ್ಸೆಗೆ ತಳಹದಿ ಹಾಕಿದರು. 1901ರ ಮೊದಲ ವೈದ್ಯಕೀಯ ನೊಬೆಲ್ ಬೆಹ್ರಿಂಗ್ ಒಬ್ಬರಿಗೇ ಹೋಯಿತು. ಕಿತಾಸಾತೋ ಊರಿಗೆ ಮರಳಿದಾಗ ಸನ್ಮಾನದ ಬದಲು ಸಿಕ್ಕಿದ್ದು ಅಸಡ್ಡೆ. ಏಕೆಂದರೆ ಬೆರಿಬೆರಿಗೆ ರೋಗಾಣು ಕಂಡುಹಿಡಿದೆನೆಂದ ಟೋಕಿಯೋದ ತಮ್ಮ ಹಿರಿಯರ ಸಂಶೋಧನೆಯಲ್ಲಿ ಹುರುಳಿಲ್ಲವೆಂದು ಅವರು ಬರೆದಿದ್ದರು. ಕೊನೆಗೆ 1892ರಲ್ಲಿ ಅವರಿಗೆ ಪ್ರಯೋಗಾಲಯ ಕಟ್ಟಿಸಿಕೊಡಲು ಮುಂದಾದವರು ಚಿಂತಕ ಫುಕುಜಾವಾ ಯುಕಿಚಿ. ಓಸಾಕಾದಲ್ಲಿ ನಿಘಂಟಿಗಾಗಿ ಸರದಿ ಕಾದವರಲ್ಲಿ ಅವರೂ ಒಬ್ಬರು. ಸುಗಿತಾ ಅವರ ನೆನಪಿನ ಹಸ್ತಪ್ರತಿಯನ್ನು 1869ರಲ್ಲಿ ಅಚ್ಚು ಹಾಕಿಸಿದವರೂ ಅವರೇ.

ತೌಡು ಹೇಳಿದ ಪಾಠ

ಬೆರಿಬೆರಿಯ ಮಾತು ಬಂತಲ್ಲ, ಈ ಕಥೆಯ ಕಹಿ ಭಾಗ ಅಲ್ಲಿದೆ. ತೌಡು ತೆಗೆದ ಬಿಳಿ ಅಕ್ಕಿ ಅಲ್ಲಿ ಸಿರಿವಂತಿಕೆಯ ಗುರುತು. ಸೈನ್ಯಕ್ಕೆ ಸೇರಿದ ಬಡ ರೈತರ ಮಕ್ಕಳಿಗೆ ಹೊಟ್ಟೆ ತುಂಬ ಬಿಳಿ ಅನ್ನ ಸಿಗುವುದೇ ಭಾಗ್ಯ. ಆ ಭಾಗ್ಯವೇ ಅವರ ಕಾಲು ಊದಿಸಿ, ಹೃದಯ ನಿಲ್ಲಿಸಿತು. ಲಂಡನ್ನಿನಲ್ಲಿ ಓದಿದ ನೌಕಾಪಡೆಯ ವೈದ್ಯ ತಾಕಾಕಿ ಕಾನೆಹಿರೋ ರೋಗದ ಬೇರು ಊಟದಲ್ಲಿದೆ ಎಂದರು. 1882ರ ಕೊನೆಗೆ ಹೊರಟ ರ್ಯೂಜೋ ಎಂಬ ತರಬೇತಿ ಹಡಗಿನ 376 ಜನರಲ್ಲಿ 169 ಮಂದಿಗೆ ಬೆರಿಬೆರಿಯಾಗಿ 25 ಜನ ಸತ್ತಿದ್ದರು. 1884ರಲ್ಲಿ ತ್ಸುಕುಬಾ ಎಂಬ ಹಡಗನ್ನು ಅದೇ ದಾರಿಯಲ್ಲಿ, ಊಟ ಬದಲಿಸಿ ಕಳಿಸಿದರು. ರೋಗ ಬಂದವರು ಬೆರಳೆಣಿಕೆಯಷ್ಟು, ಸತ್ತವರು ಒಬ್ಬರೂ ಇಲ್ಲ. ನೌಕಾಪಡೆ ಅಕ್ಕಿಗೆ ಬಾರ್ಲಿ ಬೆರೆಸತೊಡಗಿತು.

ಭೂಸೈನ್ಯದ ವೈದ್ಯರು ಒಪ್ಪಲಿಲ್ಲ. ಅವರು ಜರ್ಮನ್ ಪಂಥದವರು. ರೋಗವೆಂದರೆ ರೋಗಾಣು ಇರಲೇಬೇಕು! ಅವರಲ್ಲಿ ಒಬ್ಬರು ಮೋರಿ ಓಗಾಯ್. ಜಪಾನೀ ಸಾಹಿತ್ಯದ ದಿಗ್ಗಜ, ಗಯಟೆಯ 'ಫೌಸ್ಟ್' ಅನುವಾದಿಸಿದವರು. ಅಂಥ ಪ್ರತಿಭಾವಂತರೇ ಹಡಗಿನ ಲೆಕ್ಕವನ್ನು ನಂಬಲಿಲ್ಲ. 1904-05ರ ರಷ್ಯಾ ಯುದ್ಧದಲ್ಲಿ ಸುಮಾರು 27,000 ಸೈನಿಕರು ಬೆರಿಬೆರಿಯಿಂದ ಸತ್ತರು, ಶತ್ರುವಿನ ಗುಂಡಿನಿಂದಲ್ಲ. 1910ರಲ್ಲಿ ಸುಜುಕಿ ಉಮೆತಾರೋ ತೌಡಿನಿಂದ ಆ ಸತ್ವವನ್ನು ಬೇರ್ಪಡಿಸಿದರು. ಇಂದು ನಾವು ಅದನ್ನು ವಿಟಮಿನ್ ಬಿ1 ಎನ್ನುತ್ತೇವೆ. ಕೊಟ್ಟಣದ ಅಕ್ಕಿ ತಿಂದ ನಮ್ಮ ಅಜ್ಜಿಯರಿಗೆ ನಮಸ್ಕಾರ.

1771ರಲ್ಲಿ ಹಳೆಯ ಗುರು ಚೀನಾದ ಪುಸ್ತಕವನ್ನು ಪಕ್ಕಕ್ಕಿಟ್ಟು ಕಣ್ಣನ್ನು ನಂಬಿದ ಪರಂಪರೆ, ನೂರು ವರ್ಷದಲ್ಲಿ ಹೊಸ ಗುರು ಜರ್ಮನಿಯ ಪುಸ್ತಕವನ್ನು ನಂಬಿ ಕಣ್ಣು ಮುಚ್ಚಿಕೊಂಡಿತು. ಜಪಾನೀಯರಿಗೆ ವಿಜ್ಞಾನದ ಹಣ್ಣಷ್ಟೇ ಬೇಕು, ಮರ ಬೆಳೆಸುವ ಕಷ್ಟ ಬೇಡ ಎಂಬ ಅರ್ಥದಲ್ಲಿ ಬೆಲ್ಟ್ಸ್ 1901ರಲ್ಲಿ ಎಲ್ಲರೆದುರೇ ಆಕ್ಷೇಪಿಸಿದ್ದರು. ಮುಂದೆ ಅದೇ ರೋಗಾಣು ವಿಜ್ಞಾನವನ್ನು ಕಲಿತ ಸೇನಾವೈದ್ಯರು ಮಂಚೂರಿಯಾದ 731ನೇ ಘಟಕದಲ್ಲಿ 1945ರವರೆಗೆ ಜೀವಂತ ಮನುಷ್ಯರ ಮೇಲೆ ಪ್ರಯೋಗ ಮಾಡಿದರು. ಬಲಿಯಾದವರನ್ನು 'ಮರದ ದಿಮ್ಮಿ'ಗಳೆಂದು ಕರೆದರು. ಮರಣದಂಡನೆಯಾದ ಅಜ್ಜಿಗೂ ಒಂದು ಅಡ್ಡಹೆಸರಾದರೂ ಇತ್ತು, ಇವರಿಗೆ ಅದೂ ಉಳಿಯಲಿಲ್ಲ. ಭಾಷೆ ಬೆಳೆದರೆ ಮನುಷ್ಯತ್ವ ತಾನಾಗಿ ಬೆಳೆಯುವುದಿಲ್ಲ ಎಂಬುದನ್ನೂ ಮರೆಯಬಾರದು.

ಪಡೆದದ್ದನ್ನು ಜಪಾನು ಮರಳಿ ಕೊಟ್ಟದ್ದೂ ಇದೆ. ನಮ್ಮ ಕೂಟದ ಅರ್ಧಕ್ಕರ್ಧ ಸದಸ್ಯರು ರಾತ್ರಿ ನುಂಗುವ ಕೊಲೆಸ್ಟರಾಲ್ ಮಾತ್ರೆಯ ಮೂಲ, 1973ರಲ್ಲಿ ಎಂದೋ ಅಕಿರಾ ಒಂದು ಬೂಷ್ಟಿನಲ್ಲಿ ಕಂಡುಕೊಂಡ ವಸ್ತು. ಐವರ್‌ಮೆಕ್ಟಿನ್‌ಗೆ ದಾರಿಮಾಡಿ 2015ರಲ್ಲಿ ನೊಬೆಲ್ ಪಡೆದ ಓಮುರಾ ಸಾತೋಶಿ ದುಡಿದದ್ದು ಕಿತಾಸಾತೋ ಹೆಸರಿನ ಸಂಸ್ಥೆಯಲ್ಲಿ.

ನಮ್ಮ ಮನೆಯ ನಿಘಂಟು

ಈ ಹಾದಿಯನ್ನು ನಮ್ಮವರೂ ಕಂಡಿದ್ದರು. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನು ನೋಡಿ ಬಂದವರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಗೆಳೆಯರೂ 'ವಿಜ್ಞಾನ' ಎಂಬ ಪತ್ರಿಕೆಯನ್ನು ಕನ್ನಡದಲ್ಲಿ ತಂದರು. ವೈದ್ಯರಲ್ಲಿ ರಾಶಿ, ಅನುಪಮಾ ನಿರಂಜನ, ಡಿ. ಎಸ್. ಶಿವಪ್ಪನಂಥವರು ಜನರ ಕಾಯಿಲೆಯನ್ನು ಜನರ ಮಾತಿನಲ್ಲೇ ವಿವರಿಸಲು ದುಡಿದರು. ಎಂಬಿಬಿಎಸ್ ಕನ್ನಡದಲ್ಲಿ ಆಗಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ಜಪಾನೀಯರ ಕೈಯಲ್ಲಿ ತಮ್ಮದೇ ಸರ್ಕಾರ, ತಮ್ಮದೇ ವಿಶ್ವವಿದ್ಯಾಲಯವಿತ್ತು. ನಮ್ಮ ಚರಿತ್ರೆ ಬೇರೆ.

ನನ್ನ ಕಳಕಳಿ ಇನ್ನೂ ಚಿಕ್ಕದು. ಆರು ತಿಂಗಳಿಗೆಂದು ಊರಿನಿಂದ ಬಂದ ನಮ್ಮ ತಂದೆ ತಾಯಿಯರು ಇಲ್ಲಿ ಕಾಯಿಲೆ ಬೀಳುತ್ತಾರೆ. ಮಗ ಸೊಸೆ ಕೆಲಸದಲ್ಲಿದ್ದಾಗ ಜೊತೆಗೆ ಬರುವವರು ಹದಿನೈದರ ಮೊಮ್ಮಗಳು. ಒಮ್ಮೆ ನಮ್ಮ ಎಮರ್ಜೆನ್ಸಿ ವಿಭಾಗದಿಂದ ನನಗೆ ಕರೆ ಬಂತು. ಒಬ್ಬ ಅಜ್ಜಿ "ಎದೆಯೊಳಗೆ ಸಂಕಟ, ಎಡಗೈ ಜೋಮು ಹಿಡಿದಿದೆ" ಎಂದು ಎರಡು ಸಲ ಹೇಳಿದ್ದರು. ಬುದ್ಧಿವಂತೆ ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ 'ಅಜ್ಜಿಗೆ ಬೇಜಾರಾಗಿದೆ, ಕೈ ಸೋತಿದೆ' ಎಂಬ ಅರ್ಥದಲ್ಲಿ ಹೇಳಿದ್ದಳು. ಅವಳಿಗೆ ಸಂಕಟ ಎಂದರೆ ದುಃಖ ಎಂದಷ್ಟೇ ಗೊತ್ತು. ನರ್ಸ್ ಜಾಣೆ, ಮೊದಲೇ ಇಸಿಜಿ ತೆಗೆದಿದ್ದರು. ಅಜ್ಜಿ ಉಳಿದರು, ಈಗ ಮೈಸೂರಿನಲ್ಲಿ ಸೌಖ್ಯವಾಗಿದ್ದಾರೆ. ಆದರೆ ಪ್ರತಿಸಲವೂ ನರ್ಸ್ ಜಾಣೆಯಾಗಿರುತ್ತಾರೆ ಎಂದು ಹೇಳಲಾದೀತೇ? ಫೋನಿನಲ್ಲಿ ಕನ್ನಡ ದುಭಾಷಿಗಳು ಸಿಗುತ್ತಾರೆ. ಆದರೆ ಅವರನ್ನು ಕರೆಯಬೇಕೆಂದು ಹೊಳೆಯುವುದಕ್ಕೂ, ಆ ಪದದಲ್ಲಿ ತನಗೆ ತಿಳಿಯದ ಅರ್ಥವಿದೆ ಎಂದು ಮನೆಯ ಹುಡುಗಿಗೆ ಅನುಮಾನವಾದರೂ ಬರಬೇಕಲ್ಲ!

ಸಂಕಟ, ಕಸಿವಿಸಿ, ಜೋಮು, ಸೆಳೆತ, ತೊಳಸು, ಆಯಾಸ, ಸುಸ್ತು, ತಲೆ ಧಿಮ್ ಎನ್ನುವುದು ಇವೆಲ್ಲ ಒಂದೇ ಅಲ್ಲ. ಒಂದೊಂದೂ ವೈದ್ಯನಿಗೆ ಒಂದೊಂದು ದಾರಿ ತೋರಿಸುತ್ತದೆ. ಶಿವಮೊಗ್ಗದ ಅಜ್ಜಿಯ ಪದ ಧಾರವಾಡದ ಅಜ್ಜನದಲ್ಲ, ಮಂಗಳೂರಿನವರದು ಇನ್ನೊಂದು. ಇವನ್ನು ಕೂಡಿಸಿ, ಪಕ್ಕದಲ್ಲಿ ಇಂಗ್ಲಿಷಿನ ಸರಿಯಾದ ಅರ್ಥ ಬರೆದು, ಒಂದು ಕಿರುಪುಸ್ತಕ ಮಾಡಿ ನಮ್ಮ ಕನ್ನಡ ಶಾಲೆಯ ಮಕ್ಕಳ ಕೈಗೆ ಕೊಡೋಣ ಎಂಬುದು ನನ್ನ ಸೂಚನೆ. ಮಕ್ಕಳಿಗೆ ಹಾಡು, ನಾಟಕ ಕಲಿಸುತ್ತೇವೆ, ಬಹಳ ಸಂತೋಷ. ಅಜ್ಜಿಯ ನೋವನ್ನು ಸರಿಯಾಗಿ ಇಂಗ್ಲಿಷಿಗೆ ದಾಟಿಸಬಲ್ಲ ಮೊಮ್ಮಗಳೂ ಕನ್ನಡದ ಸೇವಕಿಯೇ.

ಅದಕ್ಕೆ ದೊಡ್ಡ ಸಮಿತಿ ಬೇಡ. ಸಮಿತಿಯಾದರೆ ಅಧ್ಯಕ್ಷರು ಯಾರೆಂಬುದಕ್ಕೇ ಒಂದು ವರ್ಷ ಹಿಡಿಯುತ್ತದೆ. ಮೂವರು ಸಾಕು. ಈಗ ನಾನೊಬ್ಬನಿದ್ದೇನೆ. ರಾಜ್ಯೋತ್ಸವದ ದಿನ ಪುಸ್ತಕದ ಮೇಜಿನ ಹತ್ತಿರ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತಿರುತ್ತೇನೆ. ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ, ಅವರ ಊರಿನ ಪದಗಳನ್ನು ಬರೆಸಿ. ಹೋಳಿಗೆಯ ತಟ್ಟೆಯನ್ನೂ ಧಾರಾಳವಾಗಿ ಜೊತೆಗೆ ತನ್ನಿ. ಆ ದಿನ ಸಕ್ಕರೆಯ ಮಾತೆತ್ತುವುದಿಲ್ಲ. ಒಂದು ಪದಕ್ಕೆ ಒಂದು ಹಗಲು ಹಿಡಿದರೂ ಚಿಂತೆಯಿಲ್ಲ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ಪಟಾಕಿ ಹಚ್ಚುವಾಗ ಕಣ್ಣು ಜೋಪಾನ.